ಜೋಡಿ ಚಕ್ರದ ಲೆಕ್ಕ

ನಮ್ಮ ಗಡಿನಾಡಿನ ಊರುಗಳಲ್ಲಿ ಲಾರಿಯ ಋಣವಿಲ್ಲದ ಮನೆ ಕಡಿಮೆ. ತಾಳವಾಡಿಯ ಕೋಸು, ಆಲೂಗಡ್ಡೆ ಘಟ್ಟ ಇಳಿದು ಮಂಡಿ ಸೇರಬೇಕಾದರೆ ಲಾರಿ ಬೇಕು. ಕಾಸರಗೋಡಿನ ಕೆಂಪುಕಲ್ಲು ಮನೆ ಕಟ್ಟುವವನ ಅಂಗಳಕ್ಕೆ ಬರಬೇಕಾದರೆ ಲಾರಿ ಬೇಕು. ಆದೋನಿಯ ಹತ್ತಿ, ಸೊಲ್ಲಾಪುರದ ಈರುಳ್ಳಿ, ಹೊಸೂರಿನ ಕಾರ್ಖಾನೆಗಳ ಸಾಮಾನು, ಎಲ್ಲವೂ ಸಾಗುವುದು ಲಾರಿಯ ಮೇಲೆಯೇ. ಒಂದು ಮನೆಯಲ್ಲಿ ಯಜಮಾನ ಡ್ರೈವರ್, ಇನ್ನೊಂದು ಮನೆಯ ಹುಡುಗ ಕ್ಲೀನರ್, ಮತ್ತೊಂದು ಮನೆಯವರು ಸಾಲ ಮಾಡಿ ಸ್ವಂತ ಗಾಡಿ ಇಟ್ಟವರು, ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ ಹಾಕಿದವರು ಮಗದೊಬ್ಬರು.

ಹೊಸ ಗಾಡಿ ಕೊಂಡವರು ಅದನ್ನು ಆಶೀರ್ವಾದಕ್ಕೆಂದು ಚರ್ಚಿನ ಅಂಗಳಕ್ಕೆ ತರುತ್ತಾರೆ. ಆಗ ಎಂಜಿನ್, ಬಣ್ಣ, ಸಾಲದ ಕಂತು ಎಲ್ಲದರ ಮಾತೂ ಬರುತ್ತದೆ. ಟಯರಿನ ಮಾತು ಮಾತ್ರ ಬರುವುದಿಲ್ಲ. ಆದರೆ ಡೀಸೆಲ್ ಬಿಟ್ಟರೆ ಲಾರಿಯ ದುಡಿಮೆಯನ್ನು ಹೆಚ್ಚು ತಿನ್ನುವುದು ಟಯರ್. ಇಂದು ದೊಡ್ಡ ಲಾರಿಯ ಒಂದು ಹೊಸ ರೇಡಿಯಲ್ ಟಯರಿಗೆ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿ ಬೇಕು. ಆರು ಚಕ್ರದ ಗಾಡಿಗೆ ಸ್ಟೆಪ್ನಿ ಸೇರಿ ಏಳು ಟಯರ್. ಅವು ಒಂದೇ ಸಮನಾಗಿ ಸವೆಯುವಂತೆ ನೋಡಿಕೊಳ್ಳುವವನ ಮನೆಗೂ, ಒಂದೊಂದಾಗಿ ಹಾಳಾಗಲು ಬಿಡುವವನ ಮನೆಗೂ ವರ್ಷದ ಕೊನೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಅದಕ್ಕಿಂತ ದೊಡ್ಡದು ಜೀವದ ಮಾತು. ಆದ್ದರಿಂದ ಹಿಂದಿನ ಜೋಡಿ ಚಕ್ರಗಳ ವಿಷಯವನ್ನು ಈ ಸಲ ಸ್ವಲ್ಪ ವಿವರವಾಗಿಯೇ ನೋಡೋಣ. ಗಾಡಿ ಓಡಿಸುವವರಷ್ಟೇ ಅಲ್ಲ, ಮನೆಯಲ್ಲಿ ಲೆಕ್ಕ ಇಡುವ ತಾಯಂದಿರೂ ಅಕ್ಕತಂಗಿಯರೂ ಇದನ್ನು ಓದಬೇಕು.

ಹಿಂದೆ ಎರಡೆರಡು ಟಯರ್ ಏಕೆ?

ಸಾಮಾನ್ಯ ಆರು ಚಕ್ರದ ಲಾರಿಗೆ ಮುಂದೆ ಎರಡು, ಹಿಂದೆ ಒಂದೊಂದು ಬದಿಗೆ ಎರಡೆರಡರಂತೆ ನಾಲ್ಕು ಟಯರ್. ಸಣ್ಣದಿರಲಿ, ದೊಡ್ಡದಿರಲಿ, ಆರು ಚಕ್ರದ ಲಾರಿಗೆ ಇದೇ ಏರ್ಪಾಡು. ಕಾರಣ ಸರಳ: ಹೇರಿದ ಭಾರದ ಬಹುಪಾಲು ಬೀಳುವುದು ಹಿಂದಿನ ಎಕ್ಸೆಲ್ ಮೇಲೆ. ಅದನ್ನು ಎರಡು ಟಯರ್ ಹೊರಲಾರವು, ನಾಲ್ಕು ಹಂಚಿಕೊಳ್ಳುತ್ತವೆ.

ಟಯರಿನ ಗೋಡೆಯ ಮೇಲೆ ಬರೆದಿರುವುದನ್ನು ಒಮ್ಮೆ ಓದಿ ನೋಡಿ. '10.00 ಆರ್ 20' ಎಂದಿದ್ದರೆ ಟಯರಿನ ಅಗಲ ಸುಮಾರು 10 ಅಂಗುಲ, ಅದು ಕೂರುವ ಡಿಸ್ಕಿನ ಅಡ್ಡಳತೆ 20 ಅಂಗುಲ ಎಂದು ಅರ್ಥ. ನಡುವೆ 'ಆರ್' ಇದ್ದರೆ ರೇಡಿಯಲ್, ಬರೀ ಅಡ್ಡಗೆರೆ ಇದ್ದರೆ ನಾವು ನೈಲಾನ್ ಎನ್ನುವ ಹಳೆಯ ಮಾದರಿ. ಪಕ್ಕದಲ್ಲಿ '146/143 ಕೆ' ಎಂಬಂತಹ ಗುರುತು ಇರುತ್ತದೆ. ಇದು ಹೊರುವ ಶಕ್ತಿಯ ಸಂಕೇತ. 146 ಎಂದರೆ ಟಯರ್ ಒಂಟಿಯಾಗಿದ್ದಾಗ 3,000 ಕಿಲೋ, 143 ಎಂದರೆ ಜೋಡಿಯಲ್ಲಿದ್ದಾಗ 2,725 ಕಿಲೋ. 'ಕೆ' ಎಂದರೆ ಗಂಟೆಗೆ 110 ಕಿ.ಮೀ. ವೇಗದ ಮಿತಿ.

ಒಂದು ವಿಷಯ ಗಮನಿಸಿದಿರಾ? ಅದೇ ಟಯರ್ ಜೋಡಿಯಲ್ಲಿ ಸೇರಿದಾಗ ಅದಕ್ಕೆ ಒಪ್ಪಿಸುವ ಭಾರ ಕಡಿಮೆ. ಏಕೆಂದರೆ ಎರಡು ಟಯರ್ ಎಂದೂ ಸರಿಸಮನಾಗಿ ಹೊರುವುದಿಲ್ಲ ಎಂಬುದು ತಯಾರಿಸಿದವರಿಗೆ ಗೊತ್ತು. ರಸ್ತೆಯ ನಡು ಉಬ್ಬಿ ಅಂಚು ತಗ್ಗಿರುತ್ತದೆ. ಭಾರಕ್ಕೆ ಎಕ್ಸೆಲ್ ಕೂಡ ಕೂದಲೆಳೆಯಷ್ಟು ಬಾಗುತ್ತದೆ. ಹೀಗಾಗಿ ಒಳಗಿನ ಟಯರಿಗೆ ಸ್ವಲ್ಪ ಹೆಚ್ಚೇ ಹೊರೆ.

ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ನಾಲ್ಕು ಟಯರಿನ ಒಂಟಿ ಎಕ್ಸೆಲ್‌ಗೆ ಹಿಂದೆ 10.2 ಟನ್ ಮಿತಿ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು 11.5 ಟನ್‌ಗೆ ಏರಿಸಿತು. ಹಳೆಯ ಮಿತಿಯಲ್ಲಿ ಒಂದೊಂದು ಟಯರಿನ ಪಾಲು 2,550 ಕಿಲೋ, ಹೊಸ ಮಿತಿಯಲ್ಲಿ 2,875 ಕಿಲೋ. ಮೇಲೆ ಹೇಳಿದ 143ರ ಟಯರ್ ಹೊರಬಲ್ಲದ್ದು 2,725 ಮಾತ್ರ. ಹೆಚ್ಚಿನ ತೂಕಕ್ಕೆಂದು ತಯಾರಾದ ಹೊಸ ಗಾಡಿಗೆ, ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ದರ್ಜೆಯ ಟಯರ್ ತಂದು ಹಾಕಿದರೆ ಮೊದಲ ದಿನದಿಂದಲೇ ಅದಕ್ಕೆ ಮಿತಿ ಮೀರಿದ ಹೊರೆ. ನಿಮ್ಮ ಗಾಡಿಯ ಆರ್.ಸಿ.ಯಲ್ಲಿ ಬರೆದಿರುವ ತೂಕವೇ ನಿಮ್ಮ ಮಿತಿ. ಅದಕ್ಕೆ ತಕ್ಕ ಟಯರ್ ಯಾವುದೆಂದು ಗಾಡಿಯ ಪುಸ್ತಕದಲ್ಲಿ ನೋಡಿಯೇ ಕೊಳ್ಳಬೇಕು. ಮಿತಿ ಮೀರಿ ಹೇರಿದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಜೋಡೆತ್ತಿನ ನಿಯಮ

ನೊಗಕ್ಕೆ ಎತ್ತು ಕಟ್ಟುವ ರೈತ ಎರಡರ ಎತ್ತರ ನೋಡುತ್ತಾನೆ. ಒಂದು ಎತ್ತರ, ಒಂದು ಗಿಡ್ಡ ಆದರೆ ನೊಗ ವಾಲುತ್ತದೆ, ಒಂದರ ಹೆಗಲು ಹುಣ್ಣಾಗುತ್ತದೆ. ಜೋಡಿ ಟಯರಿಗೂ ಇದೇ ನಿಯಮ. ಎರಡೂ ಒಂದೇ ಹಬ್ಬಿಗೆ ಬಿಗಿದಿರುವುದರಿಂದ ಒಟ್ಟಿಗೇ ತಿರುಗಲೇಬೇಕು. ಒಂದು ಒಂದು ಸುತ್ತು ತಿರುಗಿದರೆ ಇನ್ನೊಂದೂ ಒಂದೇ ಸುತ್ತು. ಆದರೆ ಒಂದು ದೊಡ್ಡದು, ಒಂದು ಸಣ್ಣದು ಇದ್ದರೆ ಒಂದೊಂದು ಸುತ್ತಿನಲ್ಲಿ ಅವು ಸಾಗಬೇಕಾದ ದೂರ ಬೇರೆ ಬೇರೆ. ಆ ವ್ಯತ್ಯಾಸವನ್ನು ಸಣ್ಣದು ರಸ್ತೆಗೆ ಉಜ್ಜಿಯೇ ತೀರಿಸಬೇಕು.

ಲೆಕ್ಕ ಹಾಕಿ ನೋಡೋಣ. 10.00-20 ಟಯರಿನ ಅಡ್ಡಳತೆ ಸುಮಾರು 1,050 ಮಿಲಿಮೀಟರ್, ಸುತ್ತಳತೆ ಸುಮಾರು 3.3 ಮೀಟರ್. ಒಂದು ಕಿಲೋಮೀಟರಿಗೆ ಅದು ಹೆಚ್ಚುಕಡಿಮೆ 300 ಸುತ್ತು ತಿರುಗುತ್ತದೆ. ಜೊತೆಯ ಟಯರಿನ ಬಟನ್ 6 ಮಿಲಿಮೀಟರ್ ಹೆಚ್ಚು ಸವೆದಿದೆ ಎಂದುಕೊಳ್ಳಿ. ಅಡ್ಡಳತೆಯಲ್ಲಿ 12 ಮಿಲಿಮೀಟರ್, ಸುತ್ತಳತೆಯಲ್ಲಿ ಸುಮಾರು 38 ಮಿಲಿಮೀಟರ್ ಕಡಿಮೆಯಾಯಿತು. 300 ಸುತ್ತಿಗೆ ಅದು 11 ಮೀಟರ್. ಅಂದರೆ ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕಿ ದೂರ ಆ ಟಯರನ್ನು ಡಾಂಬರಿನ ಮೇಲೆ ಎಳೆದುಕೊಂಡು ಹೋದಂತೆ. ಅತ್ತ ದೊಡ್ಡ ಟಯರ್ ಹೆಚ್ಚಿನ ಭಾರ ಹೊತ್ತು ಕಾಯುತ್ತದೆ, ಇತ್ತ ಸಣ್ಣದು ಉಜ್ಜಿ ಉಜ್ಜಿ ಮತ್ತೂ ಸಣ್ಣದಾಗುತ್ತದೆ. ವ್ಯತ್ಯಾಸ ತಾನೇ ತಾನಾಗಿ ಬೆಳೆಯುತ್ತ ಹೋಗುತ್ತದೆ.

ಆದ್ದರಿಂದ ಟಯರ್ ಬಲ್ಲವರು ಹಾಕಿಕೊಟ್ಟ ಮಿತಿ ಇದು:

9.00-20 ಮತ್ತು ಅದಕ್ಕಿಂತ ದೊಡ್ಡ ಟಯರ್: ಅಡ್ಡಳತೆಯ ವ್ಯತ್ಯಾಸ ಅರ್ಧ ಅಂಗುಲ (12 ಮಿ.ಮೀ.), ಸುತ್ತಳತೆಯಲ್ಲಿ ಒಂದೂವರೆ ಅಂಗುಲ (38 ಮಿ.ಮೀ.) ಮೀರಬಾರದು.

8.25ರ ಅಳತೆ ಮತ್ತು ಅದಕ್ಕಿಂತ ಸಣ್ಣ ಟಯರ್: ಅಡ್ಡಳತೆಯಲ್ಲಿ ಕಾಲು ಅಂಗುಲ (6 ಮಿ.ಮೀ.), ಸುತ್ತಳತೆಯಲ್ಲಿ ಮುಕ್ಕಾಲು ಅಂಗುಲ (19 ಮಿ.ಮೀ.) ಮೀರಬಾರದು.

ಇದು ಕೊನೆಯ ಗೆರೆ. ವ್ಯತ್ಯಾಸ ಕಡಿಮೆಯಿದ್ದಷ್ಟೂ ಒಳ್ಳೆಯದು. ಅಳೆಯಲು ಯಂತ್ರ ಬೇಡ, ಟಯರನ್ನು ಪೂರ್ತಿ ಸುತ್ತುವಷ್ಟು ಉದ್ದದ ಬಾಗುವ ಟೇಪು ಸಾಕು. ಬಿಚ್ಚಿ ಗಾಳಿ ತುಂಬಿದ ಟಯರಿನ ನಡುಮಧ್ಯಕ್ಕೆ ಸುತ್ತಿ ಅಳೆದು ಸೀಮೆಸುಣ್ಣದಲ್ಲಿ ಅದರ ಮೇಲೆಯೇ ಬರೆಯಿರಿ. ಎರಡಕ್ಕೂ ಒಂದೇ ಗಾಳಿ ಇರಬೇಕು ಎಂಬುದನ್ನು ಮರೆಯಬೇಡಿ.

ಮಿತಿಯೊಳಗೆ ಸ್ವಲ್ಪ ವ್ಯತ್ಯಾಸವಿದ್ದರೆ ಸಣ್ಣದನ್ನು ಒಳಗೆ, ದೊಡ್ಡದನ್ನು ಹೊರಗೆ ಹಾಕಬೇಕು. ಒಳಗಿನದಕ್ಕೆ ಮೊದಲೇ ಹೊರೆ ಹೆಚ್ಚು, ಅಲ್ಲಿ ದೊಡ್ಡದನ್ನು ಹಾಕಿದರೆ ಹೊರಗಿನದು ಬರೀ ನೆಂಟನ ಹಾಗೆ ಜೊತೆಗೆ ಬರುತ್ತದೆ. ಎರಡು ದೊಡ್ಡವನ್ನು ಒಂದೇ ಬದಿಗೆ, ಎರಡು ಸಣ್ಣವನ್ನು ಇನ್ನೊಂದು ಬದಿಗೆ ಹಾಕುವುದೂ ತಪ್ಪು. ಹಾಗೆ ಮಾಡಿದರೆ ನೇರ ರಸ್ತೆಯಲ್ಲಿಯೂ ಡಿಫರೆನ್ಶಿಯಲ್ ಬಿಡುವಿಲ್ಲದೆ ತಿರುಗುತ್ತಿರಬೇಕಾಗುತ್ತದೆ. ನೈಲಾನ್ ಮತ್ತು ರೇಡಿಯಲ್ ಎರಡನ್ನೂ ಒಂದೇ ಎಕ್ಸೆಲ್‌ಗೆ ಹಾಕಲೇಬಾರದು. ಅವುಗಳ ಒಳಗಿನ ನೇಯ್ಗೆಯೇ ಬೇರೆ. ಭಾರಕ್ಕೆ ಬಾಗುವ, ತಿರುವಿನಲ್ಲಿ ಹಿಡಿಯುವ ರೀತಿ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ.

ಅದಲು ಬದಲು ಮಾಡುವ ಕ್ರಮ

ಟಯರುಗಳು ಇದ್ದಲ್ಲೇ ಇದ್ದರೆ ಒಂದೊಂದೂ ಒಂದೊಂದು ರೀತಿ ಸವೆಯುತ್ತದೆ. ಘಟ್ಟದ ರಸ್ತೆಯಲ್ಲಂತೂ ಇದು ಬೇಗ ಕಾಣುತ್ತದೆ. ಬಣ್ಣಾರಿಯಿಂದ ಮೇಲೆ ಬರುವ ದಿಂಬಂ ಘಟ್ಟದಲ್ಲಿ 27 ಕೊಂಡಿ ತಿರುವುಗಳಿವೆ. ಒಂದೊಂದು ತಿರುವಿನಲ್ಲಿಯೂ ಜೋಡಿಯ ಎರಡು ಟಯರ್ ಸಾಗಬೇಕಾದ ದಾರಿ ಬೇರೆ. ಅವುಗಳ ನಡುವೆ ಸುಮಾರು ಒಂದಡಿ ಅಂತರವಿರುವುದರಿಂದ ಪೂರ್ತಿ ಹಿಂದಿರುಗುವ ಒಂದು ತಿರುವಿಗೆ ಹೆಚ್ಚುಕಡಿಮೆ ಒಂದು ಮೀಟರ್ ವ್ಯತ್ಯಾಸ. ಎರಡೂ ಸರಿಸಮನಾಗಿದ್ದರೂ ಅಷ್ಟು ಉಜ್ಜಾಟ ತಪ್ಪಿದ್ದಲ್ಲ. ದಿನವೂ ಘಟ್ಟ ಹತ್ತಿ ಇಳಿಯುವ ಗಾಡಿಯ ಟಯರ್ ಬಯಲುಸೀಮೆಯ ಗಾಡಿಯದಕ್ಕಿಂತ ಬೇಗ ಸವೆಯುವುದಕ್ಕೆ ಇದೂ ಒಂದು ಕಾರಣ.

ಹತ್ತು ಹದಿನೈದು ಸಾವಿರ ಕಿಲೋಮೀಟರಿಗೊಮ್ಮೆ ಎಲ್ಲ ಟಯರುಗಳ ಬಟನ್ ಆಳ ಅಳೆದು ನೋಡಿ. ವ್ಯತ್ಯಾಸ ಕಾಣತೊಡಗಿದರೆ ಬದಲಿಸುವ ಹೊತ್ತು ಬಂತು ಎಂದು ತಿಳಿಯಬೇಕು.

ಮುಂದೆ ಉದ್ದ ಗೆರೆಯ ಟಯರ್, ಹಿಂದೆ ದಪ್ಪ ಕಟ್ಟಿನ ಟಯರ್ ಹಾಕುವುದು ನಮ್ಮ ಕಡೆ ರೂಢಿ. ಹಾಗಿದ್ದರೆ ಮುಂದಿನವೆರಡನ್ನು ತಮ್ಮೊಳಗೇ ಎಡಬಲ ಬದಲಿಸಬೇಕು. ಹಿಂದಿನ ನಾಲ್ಕನ್ನು ಓರೆಯಾಗಿ ಬದಲಿಸಬೇಕು: ಎಡದ ಹೊರಗಿನದು ಬಲದ ಒಳಕ್ಕೆ, ಬಲದ ಒಳಗಿನದು ಎಡದ ಹೊರಕ್ಕೆ, ಎಡದ ಒಳಗಿನದು ಬಲದ ಹೊರಕ್ಕೆ, ಬಲದ ಹೊರಗಿನದು ಎಡದ ಒಳಕ್ಕೆ. ಕಾಗದದ ಮೇಲೆ ನಾಲ್ಕು ಚುಕ್ಕೆ ಹಾಕಿ ಗೆರೆ ಎಳೆದು ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಜೋಡಿ ಒಡೆಯುವುದೇ ಇಲ್ಲ! ಎಡದ ಜೋಡಿ ಬಲಕ್ಕೆ, ಬಲದ ಜೋಡಿ ಎಡಕ್ಕೆ, ಒಳಗಿದ್ದದ್ದು ಹೊರಗೆ, ಹೊರಗಿದ್ದದ್ದು ಒಳಗೆ ಹೋಗುತ್ತದೆ. ಹೊಸ ಜಾಗದಲ್ಲಿ ದೊಡ್ಡದು ಒಳಗೆ ಬರುವುದಾದರೆ ಮಾತ್ರ ಆ ಬದಿಯಲ್ಲಿ ಒಳಹೊರಗನ್ನು ಹಾಗೇ ಉಳಿಸಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಜೋಡಿಯಲ್ಲಿ ಎರಡು ಡಿಸ್ಕುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಹೀಗಾಗಿ ಓರೆಯಾಗಿ ಬದಲಿಸಿದಾಗ ಟಯರ್ ತಿರುಗುವ ದಿಕ್ಕು ಮೊದಲಿನಂತೆಯೇ ಇರುತ್ತದೆ. ಅದೇ ಬದಿಯಲ್ಲಿ ಒಳಗಿನದನ್ನು ಹೊರಗೆ ಹಾಕಿದರೆ ದಿಕ್ಕು ತಿರುವುಮುರುವು ಆಗುತ್ತದೆ. ಕಟ್ಟುಗಳ ಮೇಲೆ ಕೈಯಾಡಿಸಿದಾಗ ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಟಯರಿಗೆ ದಿಕ್ಕು ಬದಲಾಯಿಸಬೇಕಾಗಿದೆ ಎಂದರ್ಥ. ಆಗ ಒಳಹೊರಗಿನ ಬದಲಾವಣೆ ಒಳ್ಳೆಯದು. ಆದರೆ ಗೋಡೆಯ ಮೇಲೆ ಬಾಣದ ಗುರುತಿರುವ ಟಯರುಗಳಿಗೆ ಹೀಗೆ ಮಾಡುವಂತಿಲ್ಲ, ಬಾಣ ತೋರಿದ ದಿಕ್ಕಿಗೇ ಅವು ತಿರುಗಬೇಕು.

ಸವೆತವೇ ಡಾಕ್ಟರ ಚೀಟಿ ಇದ್ದಂತೆ. ನಡು ಮಾತ್ರ ಸವೆದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದರೆ ಗಾಳಿ ಕಡಿಮೆಯಾಗಿದೆ. ಮುಂದಿನ ಟಯರ್ ಒಂದೇ ಅಂಚಿನಲ್ಲಿ ಸವೆದರೆ ಅಲೈನ್‌ಮೆಂಟ್ ನೋಡಿಸಬೇಕು. ಅಲ್ಲಲ್ಲಿ ತೇಪೆಯಂತೆ ಸವೆದರೆ ಬ್ರೇಕ್ ಅಥವಾ ಬೇರಿಂಗ್ ನೋಡಬೇಕು. ಕಾರಣ ಸರಿಪಡಿಸದೆ ಟಯರ್ ಮಾತ್ರ ಬದಲಿಸಿದರೆ ಹೊಸ ಜಾಗದಲ್ಲಿ ಹೊಸ ಟಯರ್ ಹಾಳಾಗುತ್ತದೆ, ಅಷ್ಟೇ.

ಹೊಸದು ಎಲ್ಲಿಗೆ, ಹಳೆಯದು ಎಲ್ಲಿಗೆ?

ಪಂಕ್ಚರ್ ಅಂಗಡಿಯಲ್ಲಿ ದಿನವೂ ನಡೆಯುವ ಮಾತು ಇದು.

"ಅಣ್ಣಾ, ಒಳಗಿನದು ಒಂದೇ ಹೋಗಿರೋದು. ಒಂದು ಹೊಸದು ಹಾಕ್ಬುಡಿ, ಸಾಕು."

"ಒಂದು ಹಾಕಿದ್ರೆ ಎರಡು ಹೋಯ್ತದೆ ಕಣಪ್ಪಾ. ಹೊಸದು ಮುಂದಕ್ಕೆ ಹಾಕು, ಮುಂದಿಂದು ಹಿಂದಕ್ಕೆ ಬರ್ಲಿ."

ಹಿರಿಯನ ಮಾತೇ ಸರಿ. ಹೊಸ ಟಯರಿನ ಬಟನ್ 15 ಮಿಲಿಮೀಟರ್ ಆಳವಿದ್ದು, ಜೊತೆಯ ಹಳೆಯದು 6 ಮಿಲಿಮೀಟರಿಗೆ ಇಳಿದಿದ್ದರೆ ಅಡ್ಡಳತೆಯಲ್ಲಿ 18 ಮಿಲಿಮೀಟರ್ ವ್ಯತ್ಯಾಸ. ಮಿತಿ ಇರುವುದು 12. ಇಪ್ಪತ್ತು ಸಾವಿರದ ಹೊಸ ಟಯರ್ ಮೊದಲ ದಿನದಿಂದಲೇ ಹಳೆಯದರ ಭಾರವನ್ನೂ ಹೊರತೊಡಗುತ್ತದೆ.

ಹೊಸ ಟಯರ್ ಎರಡೆರಡಾಗಿ ಕೊಳ್ಳಬೇಕು, ಅವು ಮೊದಲು ಮುಂದಿನ ಚಕ್ರಕ್ಕೆ ಹೋಗಬೇಕು. ಮುಂದಿನ ಟಯರ್ ಸಿಡಿದರೆ ಸ್ಟೀರಿಂಗ್ ಕೈಗೆ ಸಿಗುವುದಿಲ್ಲ, ಅಲ್ಲಿ ಎಂದೂ ಗಟ್ಟಿ ಟಯರೇ ಇರಬೇಕು. ಆರಕ್ಕೂ ಒಂದೇ ಬಗೆಯ ಟಯರ್ ಇರುವ ಗಾಡಿಯಾದರೆ, ಮುಂದೆ ಅರೆಸವೆದ ಎರಡನ್ನು ಹಿಂದಕ್ಕೆ ತರಬೇಕು. ಹಿಂದಿನ ನಾಲ್ಕರಲ್ಲಿ ತೀರಾ ಸವೆದ ಎರಡನ್ನು ತೆಗೆಯಬೇಕು. ಉಳಿದ ಎರಡನ್ನೂ ಬಂದ ಎರಡನ್ನೂ ಟೇಪು ಹಿಡಿದು ಅಳೆದು, ಮಿತಿಯೊಳಗಿದ್ದರೆ ಸಣ್ಣವೆರಡನ್ನು ಎರಡೂ ಬದಿಯ ಒಳಕ್ಕೆ, ದೊಡ್ಡವೆರಡನ್ನು ಹೊರಕ್ಕೆ ಹಾಕಬೇಕು. ಮಿತಿ ಮೀರಿದರೆ ಹಿಂದಿನ ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕಾಗುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ತಯಾರಾದ ದಿನ ನೋಡಿ. ಗೋಡೆಯ ಮೇಲೆ '2325' ಎಂದು ನಾಲ್ಕು ಅಂಕಿ ಇದ್ದರೆ ಅದು 2025ರ 23ನೇ ವಾರದಲ್ಲಿ ತಯಾರಾದದ್ದು. ಟ್ಯೂಬಿನ ಟಯರಾದರೆ ಹೊಸ ಟಯರಿಗೆ ಹೊಸ ಟ್ಯೂಬು, ಹೊಸ ಫ್ಲಾಪು ಹಾಕಲೇಬೇಕು. ಹಿಗ್ಗಿದ ಹಳೆಯ ಟ್ಯೂಬು ಹೊಸ ಟಯರಿನೊಳಗೆ ಮಡಚಿಕೊಂಡು ಮಡಿಕೆಯಲ್ಲಿ ಹರಿಯುತ್ತದೆ.

ತೆಗೆದ ಟಯರ್ ರೀಸೋಲಿಗೆ ಹೋಗಬಹುದು. ಹೊಸದರ ಅರ್ಧಕ್ಕಿಂತಲೂ ಕಡಿಮೆ ಖರ್ಚಿನಲ್ಲಿ ಅದಕ್ಕೆ ಇನ್ನೊಂದು ಆಯುಸ್ಸು ಸಿಗುತ್ತದೆ. ಆದರೆ ಒಳಗಿನ ಮೈ ಗಟ್ಟಿಯಾಗಿರುವಾಗಲೇ ಕಳುಹಿಸಬೇಕು. ಬಟನ್ ಮೂರು ನಾಲ್ಕು ಮಿಲಿಮೀಟರ್ ಉಳಿದಾಗ ಕಳುಹಿಸಿದ ಟಯರನ್ನು ರೀಸೋಲಿನವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ನೂಲು ಕಾಣುವವರೆಗೆ ಓಡಿಸಿ ತಂದದ್ದು ಗುಜರಿಗೇ ಹೋಗಬೇಕು. ಕಾನೂನಿನ ಮಿತಿಯೂ ಇದೆ: ಲಾರಿಯ ಟಯರಿನ ಬಟನ್ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಅಷ್ಟು ಎತ್ತರಕ್ಕೆ ಗೆರೆಯೊಳಗೆ ಸಣ್ಣ ಉಬ್ಬು ಕೊಟ್ಟಿರುತ್ತಾರೆ, ಬಟನ್ ಅದಕ್ಕೆ ಸಮನಾದರೆ ಟಯರ್ ಮುಗಿದಂತೆ. ರೀಸೋಲ್ ಆದ ಟಯರನ್ನು ಹಿಂದಕ್ಕೆ ಮಾತ್ರ ಬಳಸಬೇಕು, ಜೋಡಿಗೆ ಹಾಕುವ ಮುಂಚೆ ಅದನ್ನೂ ಅಳೆಯಬೇಕು.

ಕಾಣದ ಒಳ ಟಯರ್

ಜೋಡಿ ಚಕ್ರದ ದೊಡ್ಡ ಅಪಾಯವೆಂದರೆ ಒಳಗಿನದು ಕಣ್ಣಿಗೆ ಬೀಳದಿರುವುದು. ಅದರ ಗಾಳಿ ಹೋದರೂ ಗಾಡಿ ವಾಲುವುದಿಲ್ಲ, ಹೊರಗಿನದು ಎತ್ತಿ ಹಿಡಿದಿರುತ್ತದೆ. ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಹೊರಗಿನದು ಇಬ್ಬರ ಭಾರ ಹೊತ್ತು ಕಾಯುತ್ತದೆ. ಗಾಳಿಯಿಲ್ಲದ ಒಳಗಿನದು ಮಡಚಿ ಮಡಚಿ ಇನ್ನೂ ಹೆಚ್ಚು ಕಾಯುತ್ತದೆ. ಎರಡರ ಗೋಡೆಗಳು ಒಂದಕ್ಕೊಂದು ತಾಗಿ ಉಜ್ಜುತ್ತವೆ. ಹೀಗೆಯೇ ಎಷ್ಟೋ ಸಲ ಲಾರಿಯ ಹಿಂದಿನ ಚಕ್ರಕ್ಕೆ ಬೆಂಕಿ ಹತ್ತಿ ಹೇರಿದ ಸರಕಿಗೂ ಹರಡುತ್ತದೆ.

ಕಬ್ಬಿಣದ ಸರಳಿನಿಂದ ಬಡಿದು ಸದ್ದು ಕೇಳುವುದು ಹಳೆಯ ಪದ್ಧತಿ. ಅದರಿಂದ ಪೂರ್ತಿ ಗಾಳಿ ಹೋದ ಟಯರ್ ಮಾತ್ರ ಗೊತ್ತಾಗುತ್ತದೆ. ಕಾಲುಭಾಗ ಗಾಳಿ ಕಡಿಮೆಯಾದದ್ದು ಕಿವಿಗೆ ತಿಳಿಯದು. ಗೇಜೇ ಬೇಕು. ಬೆಳಗ್ಗೆ ಗಾಡಿ ಹೊರಡುವ ಮುಂಚೆ, ಟಯರ್ ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದಾಗ ಗಾಳಿಯ ಒತ್ತಡ ಏರುವುದು ಸಹಜ, ಅದನ್ನು ಕಂಡು ಗಾಳಿ ಬಿಡಬಾರದು. ನಿಗದಿಯ ಒತ್ತಡದ ಶೇಕಡಾ 80ಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಟಯರನ್ನು ಹಾಗೆಯೇ ಮತ್ತೆ ತುಂಬಬಾರದು. ಬಿಚ್ಚಿಸಿ ಒಳಗೆ ಕೈಯಾಡಿಸಿ ನೋಡಬೇಕು. ರೇಡಿಯಲ್ ಟಯರಿನ ಗೋಡೆಯ ಉಕ್ಕಿನ ತಂತಿಗಳು ಬಾಗಿ ಬಾಗಿ ಮುರಿದಿದ್ದರೆ ಗಾಳಿ ತುಂಬುವಾಗ ಗೋಡೆ ಉದ್ದಕ್ಕೆ ಸೀಳಿ ಸಿಡಿಯುತ್ತದೆ.

ಎರಡು ಟಯರಿನ ನಡುವೆ ಸಿಕ್ಕಿದ ಕಲ್ಲನ್ನೂ ದಿನವೂ ನೋಡಬೇಕು. ಹೊಲದ ದಾರಿ, ಕಲ್ಲು ಕ್ವಾರಿಯಿಂದ ಬರುವ ಗಾಡಿಗೆ ಇದು ಸಾಮಾನ್ಯ. ಅದು ಎರಡೂ ಗೋಡೆಗಳನ್ನು ಕೊರೆಯುತ್ತದೆ, ವೇಗದಲ್ಲಿ ಹಾರಿದರೆ ಹಿಂದೆ ಬರುವ ಬೈಕಿನವನ ಜೀವಕ್ಕೆ ಸಂಚಕಾರ.

ಬಿಚ್ಚುವಾಗ, ಹಾಕುವಾಗ

ಘಟ್ಟದ ತಿರುವಿನಲ್ಲಿ ಟಯರ್ ಹೋದರೆ ಒಂದು ಗಾಡಿಯ ಕಷ್ಟ ಎಲ್ಲರ ಕಷ್ಟವಾಗುತ್ತದೆ. ಹಿಂದೆ ಆಂಬುಲೆನ್ಸ್ ಕೂಡ ನಿಲ್ಲಬೇಕಾದೀತು. ದಿಂಬಂ ದಾರಿಯಲ್ಲಿ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಹೊತ್ತು ಮುಳುಗುವ ಮುಂಚೆ ಇಳಿಯಬೇಕೆಂಬ ಅವಸರವೂ ಇದೆ. ಅವಸರದಲ್ಲಿಯೇ ಅನಾಹುತ. ಆದ್ದರಿಂದ ಕ್ರಮ ತಪ್ಪಬಾರದು.

1. ಸಮತಟ್ಟಾದ ಗಟ್ಟಿ ನೆಲಕ್ಕೆ ಗಾಡಿ ತನ್ನಿ. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿಡಿ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹೊಳೆಯುವ ತ್ರಿಕೋನವನ್ನು ದೂರದಲ್ಲಿಡಿ.

2. ರಿಂಗ್ ಇರುವ ಡಿಸ್ಕಾದರೆ ನಟ್ಟು ಮುಟ್ಟುವ ಮುಂಚೆ ಜೋಡಿಯ ಎರಡೂ ಟಯರುಗಳ ವಾಲ್ವಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಿ. ಬಿರುಕು ಬಿಟ್ಟ ಡಿಸ್ಕು ನಟ್ಟಿನ ಹಿಡಿತದಿಂದಲೇ ನಿಂತಿರಬಹುದು.

3. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಕೆಲವು ಗಾಡಿಗಳ ಎಡಬದಿಯ ನಟ್ಟು ತಿರುಗುವ ದಿಕ್ಕು ಉಲ್ಟಾ ಇರುತ್ತದೆ, ನೋಡಿಕೊಳ್ಳಿ. ಆಮೇಲೆ ದಪ್ಪ ಹಲಗೆಯ ಮೇಲೆ ಜಾಕಿ ಇಟ್ಟು ಎಕ್ಸೆಲ್ ಎತ್ತಿ. ಜಾಕಿಯನ್ನೇ ನಂಬಿ ಗಾಡಿಯ ಅಡಿಗೆ ಹೋಗಬಾರದು, ಮರದ ದಿಮ್ಮಿ ಕೊಡಿ.

4. ಟಯರ್ ತೆಗೆದ ಮೇಲೆ ಹಬ್ಬು, ಡಿಸ್ಕುಗಳ ಮುಖ, ಬೋಲ್ಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಎರಡು ಡಿಸ್ಕಿನ ನಡುವೆ ಉಳಿದ ತುಕ್ಕು, ಮಣ್ಣು, ದಪ್ಪ ಬಣ್ಣ ಓಡುತ್ತ ಓಡುತ್ತ ಉದುರಿ ನಟ್ಟು ಸಡಿಲವಾಗುತ್ತದೆ. ಬೋಲ್ಟಿನ ತೂತು ಉದ್ದವಾಗಿದ್ದರೆ, ತೂತಿನಿಂದ ಬಿರುಕು ಹೊರಟಿದ್ದರೆ ಆ ಡಿಸ್ಕು ಬೇಡ.

5. ಒಳಗಿನದನ್ನು ಕೂರಿಸಿ, ಹೊರಗಿನ ಡಿಸ್ಕಿನ ಕಿಂಡಿ ಒಳಗಿನ ವಾಲ್ವಿನ ನೇರಕ್ಕೆ ಬರುವಂತೆ, ಎರಡು ವಾಲ್ವುಗಳು ಎದುರುಬದುರಾಗುವಂತೆ ಹೊರಗಿನದನ್ನು ಹಾಕಿ. ಹೀಗೆ ಹಾಕಿದರೆ ಮಾತ್ರ ನಾಳೆ ಒಳಗಿನದರ ಗಾಳಿ ನೋಡಲು ಗೇಜು ತಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಒಳ ಟಯರಿನ ಗಾಳಿ ನೋಡದಿರುವುದಕ್ಕೆ ಸೋಮಾರಿತನ ಕಾರಣವಲ್ಲ, ವಾಲ್ವು ಕೈಗೆ ಸಿಗದಿರುವುದೇ ಕಾರಣ.

6. ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಕೊನೆಯ ಬಿಗಿತ ಗಾಡಿಯ ಪುಸ್ತಕ ಹೇಳಿದಷ್ಟು, ಟಾರ್ಕ್ ಸ್ಪ್ಯಾನರಿನಿಂದ. ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ಕುಣಿದರೆ ಬೋಲ್ಟು ಎಳೆದುಕೊಂಡು ಒಳಗೇ ಸೋಲುತ್ತದೆ.

7. 50ರಿಂದ 80 ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿತ ನೋಡಿ. ಡಿಸ್ಕುಗಳು ಕೂತು ನಟ್ಟು ಸಡಿಲವಾಗುವುದು ಈ ದೂರದಲ್ಲಿಯೇ. ನಟ್ಟಿನಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿದೆ ಎಂಬುದಕ್ಕೆ ಸಾಕ್ಷಿ.

ಪಂಕ್ಚರ್ ಅಂಗಡಿಯ ಹುಡುಗರಿಗಾಗಿ

ಶಾಲೆ ಬಿಟ್ಟ ನಮ್ಮ ಎಷ್ಟೋ ಹುಡುಗರು ಮೊದಲು ಹಿಡಿಯುವ ಕೆಲಸ ಇದು. ಅವರ ತಾಯಿತಂದೆಯರು ಈ ಭಾಗವನ್ನು ಓದಿ ಮಕ್ಕಳಿಗೆ ಹೇಳಬೇಕು.

ಟ್ಯೂಬಿನ ಲಾರಿ ಟಯರನ್ನು ಡಿಸ್ಕಿನಲ್ಲಿ ಹಿಡಿದಿಡುವುದು ಬಿಡಿಯಾದ ಕಬ್ಬಿಣದ ರಿಂಗು. ಅದು ಗಾಡಿಯಲ್ಲಿ ಸರಿಯಾಗಿ ಕೂರದಿದ್ದರೆ, ತುಕ್ಕು ತಿಂದಿದ್ದರೆ, ಬೇರೆ ಡಿಸ್ಕಿನ ರಿಂಗು ಹಾಕಿದ್ದರೆ ಗಾಳಿ ತುಂಬುವಾಗ ಗುಂಡಿನಂತೆ ಹಾರುತ್ತದೆ. ಚದರ ಅಂಗುಲಕ್ಕೆ 100 ಪೌಂಡ್ ಗಾಳಿ ಎಂದರೆ ಒಂದಡಿ ಉದ್ದ, ಒಂದಡಿ ಅಗಲದ ಜಾಗದ ಮೇಲೆ ಆರು ಟನ್ನಿಗೂ ಹೆಚ್ಚಿನ ಒತ್ತಡ. ಮುಂದೆ ಬಗ್ಗಿ ನಿಂತವನು ಉಳಿಯುವುದು ಕಷ್ಟ. ಅಮೆರಿಕದಲ್ಲಿ ಇಂತಹ ಸಾವುಗಳ ನಂತರ 1980ರಲ್ಲಿಯೇ, ರಿಂಗಿನ ಟಯರಿಗೆ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕೆಂದು ನಿಯಮ ಮಾಡಿದರು. ನಮ್ಮ ರಸ್ತೆ ಬದಿಯ ಅಂಗಡಿಗಳಲ್ಲಿ ಪಂಜರ ಕಾಣುವುದು ಅಪರೂಪ. ದಪ್ಪ ಪೈಪುಗಳನ್ನು ಬಾಗಿಸಿ ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಗಟ್ಟಿಯಾಗಿ ಮಾಡಿಸಬಹುದು. ಅದರ ಖರ್ಚು ಒಂದು ಟಯರಿನ ಬೆಲೆಗಿಂತ ದೊಡ್ಡದೇನಲ್ಲ.

ಕಚ್ಚಿಕೊಳ್ಳುವ ಬಾಯಿಯ ಉದ್ದ ಪೈಪು ಬಳಸಿ ದೂರ ನಿಲ್ಲಬೇಕು, ರಿಂಗಿನ ಎದುರಿಗೆ ಎಂದೂ ನಿಲ್ಲಬಾರದು. ಮೊದಲು ಸ್ವಲ್ಪ ಗಾಳಿ ತುಂಬಿ ರಿಂಗು ಸುತ್ತಲೂ ಕೂತಿದೆಯೇ ನೋಡಬೇಕು. ಕೂತಿಲ್ಲವಾದರೆ ಗಾಳಿ ಪೂರ್ತಿ ಬಿಟ್ಟು ಮತ್ತೆ ಕೂರಿಸಬೇಕು. ಗಾಳಿಯಿರುವ ಟಯರಿನ ರಿಂಗಿಗೆ ಸುತ್ತಿಗೆ ಹೊಡೆಯುವುದೆಂದರೆ ಸಾವಿನ ಬಾಗಿಲು ತಟ್ಟಿದಂತೆ. ಟಯರ್ ಕೂರಿಸಿರುವ ಡಿಸ್ಕಿಗೆ, ಗಾಳಿ ಬಿಟ್ಟಿದ್ದರೂ ಸಹ, ವೆಲ್ಡಿಂಗ್ ಮಾಡಲೇಬಾರದು. ಕಾವಿಗೆ ರಬ್ಬರು ಒಳಗೆ ಸುಟ್ಟು ಹೊಗೆಯಾಡಿ ಬಾಂಬಿನಂತೆ ಸಿಡಿಯುತ್ತದೆ. ಅಂಗಡಿಯ ಯಜಮಾನರು ಗಿರಾಕಿಯ ಅವಸರಕ್ಕೆ ಮಣಿದು ಹುಡುಗರನ್ನು ಈ ಅಪಾಯಕ್ಕೆ ತಳ್ಳಬಾರದು. ಗಿರಾಕಿಯಾಗಿ ಹೋದ ಡ್ರೈವರಣ್ಣಂದಿರು "ಬೇಗ, ಬೇಗ" ಎನ್ನಬಾರದು.

ಮನೆಯಲ್ಲೊಂದು ಟಯರ್ ಪುಸ್ತಕ

ಕೊನೆಯದಾಗಿ ಮನೆಯವರ ಕೆಲಸ. ನಲವತ್ತು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದೊಂದು ಟಯರಿಗೆ ಒಂದೊಂದು ಪುಟ. ಗೋಡೆಯ ಮೇಲಿನ ನಂಬರು, ಕೊಂಡ ದಿನ, ಬೆಲೆ, ಆಗ ಗಾಡಿಯ ಮೀಟರ್ ಎಷ್ಟಿತ್ತು, ಯಾವ ಜಾಗಕ್ಕೆ ಹಾಕಿದರು, ಎಂದು ಬದಲಿಸಿದರು, ಬಟನ್ ಎಷ್ಟು ಉಳಿದಿದೆ, ಎಂದು ರೀಸೋಲಿಗೆ ಹೋಯಿತು ಎಂದು ಬರೆಯುತ್ತ ಹೋಗಿ. ಕೊಂಡ ಬೆಲೆಯನ್ನು ಓಡಿದ ಕಿಲೋಮೀಟರಿನಿಂದ ಭಾಗಿಸಿದರೆ ಯಾವ ಟಯರ್ ಅಗ್ಗ, ಯಾವುದು ದುಬಾರಿ ಎಂಬುದು ಹೈಸ್ಕೂಲಿನ ಮಗುವಿಗೂ ತಿಳಿಯುತ್ತದೆ. ಕಡಿಮೆ ಬೆಲೆಗೆ ಕೊಂಡದ್ದೇ ಕೊನೆಗೆ ದುಬಾರಿಯಾಗಿ ಕಾಣುವುದೂ ಉಂಟು. ಈ ಲೆಕ್ಕ ಬರೆಯಲು ಯಜಮಾನನಿಗೆ ಪುರುಸೊತ್ತಿರುವುದಿಲ್ಲ. ಮನೆಯಾಕೆ ಬರೆದರೆ ಕಂತಿನ ಸಾಲ ತೀರುವ ದಾರಿಯೂ ಅವರಿಗೆ ಕಣ್ಣಿಗೆ ಕಾಣುತ್ತದೆ, ಮುಂದಿನ ಜೋಡಿ ಟಯರಿಗೆಂದು ತಿಂಗಳಿಗಿಷ್ಟು ತೆಗೆದಿಡಲೂ ಬರುತ್ತದೆ. ದುಡ್ಡು ಕೂಡಿಟ್ಟವನು ಬೋಳು ಟಯರಿನಲ್ಲಿ "ಇನ್ನೊಂದು ಟ್ರಿಪ್ ಆಗಲಿ" ಎಂದು ಹೊರಡುವುದಿಲ್ಲ.

ಗೇಜು, ಟೇಪು, ಬಟನ್ ಅಳೆಯುವ ಸಣ್ಣ ಕಡ್ಡಿ, ಸೀಮೆಸುಣ್ಣ, ಈ ನಾಲ್ಕಕ್ಕೆ ಬೇಕಾಗುವುದು ಒಂದು ಪಂಕ್ಚರಿನ ದುಡ್ಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಈ ಭಾನುವಾರ ಗಾಡಿ ಮನೆಯ ಮುಂದೆ ನಿಂತಿರುವಾಗ ಮಕ್ಕಳನ್ನು ಕರೆದುಕೊಂಡು ನಾಲ್ಕು ಹಿಂದಿನ ಟಯರುಗಳನ್ನೂ ನೋಡಿ ಬರೆಯಿರಿ. ಮೊದಲು ಒಳಗಿನವೆರಡನ್ನು ನೋಡಿ.